ಅತ್ತೆಯ ಕಾರಿಗೆ ಅಪ್ಪ ಕಟ್ಟಿದ ಪಂಜರ

ಇವತ್ತು ಬೇಗಂಪೇಟೆಯ ಗ್ಯಾರೇಜೊಂದರ ಮುಂದೆ ವೆಲ್ಡಿಂಗ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲ್ಕಾಜ್‌ಗಿರಿಯ ನಮ್ಮ ಹಳೆಯ ಮನೆಯ ಅಂಗಳ ಕಣ್ಣೆದುರು ಬಂತು.

ಅಪ್ಪ ರೈಲ್ವೆಯಲ್ಲಿ ವೆಲ್ಡರ್. ಅವರ ತಂಗಿ, ಅಂದರೆ ನಮ್ಮ ಅತ್ತೆ, ಗುಜರಿಯಿಂದ ತಂದ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರೇಸಿಗೆ ಇಳಿಸುವ ಹಟ ಹಿಡಿದಿದ್ದರು. ಇಂಜಿನ್ ಬಿಚ್ಚಿ ಕಟ್ಟಿದ್ದು ಅತ್ತೆಯೇ. ತುಕ್ಕು ತಿಂದ ತಳಕ್ಕೆ ಪಟ್ಟಿ ಬೆಸೆಯುವುದು, ಕಾರು ಉರುಳಿದರೂ ಒಳಗಿದ್ದವರು ಉಳಿಯಲೆಂದು ಸೀಟಿನ ಸುತ್ತ ಕಬ್ಬಿಣದ ಪೈಪಿನ ಪಂಜರ ಕಟ್ಟುವುದು ಅಪ್ಪನ ಕೆಲಸ. ಡ್ಯೂಟಿಯಿಂದ ಬಂದವರು ಚಹಾ ಆರಿದರೂ ಕೂರುತ್ತಿರಲಿಲ್ಲ. ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೊಂದು ಪೈಪು ಕೊಯ್ಯುತ್ತಿದ್ದರು. ಆ ಚಡಪಡಿಕೆ ನನಗೂ ಅಂಟಿತ್ತು. ಶಾಲೆಯಲ್ಲಿ ಕೂತರೂ ಮನಸ್ಸು ಅಂಗಳದಲ್ಲೇ.

“ಸಾಕ ಬಿಡು ಅಣ್ಣಾ, ಭಾಳ ಭಾರ ಆಗಾಕತ್ತೈತಿ. ಗಾಡಿ ಹ್ಯಾಂಗ ಓಡಬೇಕು?” ಎಂದು ಅತ್ತೆ ರೇಗುತ್ತಿದ್ದರು.

“ಮೊದಲ ನೀ ಮನಿಗೆ ಬಾ. ಆಮ್ಯಾಲ ಗೆಲ್ಲು,” ಎನ್ನುತ್ತಿದ್ದರು ಅಪ್ಪ.

ರೇಸಿನ ದಿನ ಮೂರನೇ ಸುತ್ತಿನ ತಿರುವಿನಲ್ಲಿ ಕಾರು ಎರಡು ಪಲ್ಟಿ ಹೊಡೆಯಿತು. ಅಪ್ಪ ನನ್ನ ಕೈ ಕೊಡವಿ ಓಡಿದರು. ಬಾಡಿ ನಜ್ಜುಗುಜ್ಜಾಗಿತ್ತು, ಪಂಜರ ಮಾತ್ರ ಬಾಗಿರಲಿಲ್ಲ. ಅದರೊಳಗಿಂದ ತೆವಳಿಕೊಂಡು ಹೊರಬಂದ ಅತ್ತೆ, “ಅಣ್ಣಾ, ಇಂಜಿನ್ ಉಳದೈತಿ ನೋಡು, ಮತ್ತ ಕಟ್ಟೋಣು,” ಎಂದರು. ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತರು.

ಗ್ಯಾರೇಜಿನ ಮುಂದೆ ನಿಂತೇ ಅತ್ತೆಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ್ದಾರೆ.

“ಕಾರ್ ಓಡಿಸಾಕತ್ತೀನಿ, ಆಮ್ಯಾಲ ಮಾಡು,” ಎಂದು ಇಟ್ಟುಬಿಟ್ಟರು.