ನನ್ನ ಕಾಯಿಲೆಯ ಸುದ್ದಿ

ಎಡ ಎದೆಯ ಗಂಟು ಕ್ಯಾನ್ಸರ್ ಎಂದು ಮಂಗಳೂರಿನ ಡಾಕ್ಟರು ಹೇಳಿದ ದಿನ ನಾನು ಒಬ್ಬಳೇ ಹೋಗಿದ್ದೆ. ಅದು ಬರೀ ಕೊಬ್ಬಿನ ಗಂಟಿರಬೇಕು ಎಂದು ಎಲ್ಲರೂ ಹೇಳಿದ್ದರಿಂದ ಜೊತೆಗೆ ಯಾರನ್ನೂ ಕರೆದಿರಲಿಲ್ಲ. ಬೇಗ ಗೊತ್ತಾಗಿದೆ, ಆಪರೇಷನ್ ಮಾಡಿ ಆಮೇಲೆ ಕಿಮೊ ಕೊಡುತ್ತೇವೆ, ಗುಣವಾಗುವ ಕಾಯಿಲೆ ಇದು ಎಂದು ಆಕೆ ನಿಧಾನವಾಗಿ ವಿವರಿಸಿದರು. ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ನಮ್ಮೂರು ಪಾಣೆಮಂಗಳೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದೆ. ದಾರಿಯುದ್ದಕ್ಕೂ ತಲೆಯಲ್ಲಿದ್ದದ್ದು ಮಗಳು. ಅವಳು ಆಗ ಹತ್ತನೇ ತರಗತಿ. ಬೇರೆ ಯಾರಾದರೂ ಹೇಳುವ ಮೊದಲು ನಾನೇ, ನನ್ನದೇ ಮಾತಿನಲ್ಲಿ ಅವಳಿಗೆ ಹೇಳಬೇಕು ಎಂದು ಸೇತುವೆ ದಾಟುವಷ್ಟರಲ್ಲಿ ನಿರ್ಧರಿಸಿಯಾಗಿತ್ತು.

ಆ ಒಂದು ಕೆಲಸವನ್ನು ಮಾಡಲು ನನ್ನನ್ನು ಬಿಡಲಿಲ್ಲವಲ್ಲ ಎಂಬ ಸಿಟ್ಟು ಇವತ್ತಿಗೂ ಹೋಗಿಲ್ಲ.

ಮನೆಯಲ್ಲಿ ನಾನು, ಮಗಳು, ಅತ್ತೆ, ಮೂವರೇ. ಗಂಡ ಕತಾರಿನ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮಗಳು ಟ್ಯೂಷನ್ನಿಂದ ಬರುವ ಮೊದಲೇ ಅವರಿಗೆ ವಿಡಿಯೋ ಕಾಲ್ ಮಾಡಿ ವಿಷಯ ತಿಳಿಸಿದೆ.

"ಅವಳಿಗೆ ಈಗ ಎಂತದೂ ಹೇಳ್ಬೇಡ. ಪರೀಕ್ಷೆ ಮುಗಿಯಲಿ" ಎಂದರು.

"ಅಷ್ಟರೊಳಗೆ ಆಪರೇಷನ್ ಆಗ್ತದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ರೆ ಅವಳಿಗೆ ಎಂತ ಹೇಳುವುದು?"

"ಹೊಟ್ಟೆಯದ್ದು, ಸಣ್ಣ ಆಪರೇಷನ್ ಅಂತ ಹೇಳುವ."

"ಹೊಟ್ಟೆ ಆಪರೇಷನ್ನಿಗೆ ತಲೆಕೂದಲು ಉದುರ್ತದಾ?"

ಪರದೆಯ ಮೇಲೆ ಅವರ ಮುಖ ಹಾಗೇ ನಿಂತುಬಿಟ್ಟಿತು. ಅಳು ತಡೆದುಕೊಂಡಿದ್ದರೋ, ನೆಟ್‌ವರ್ಕ್ ಹೋಗಿತ್ತೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅತ್ತೆ, "ಅವನು ಹೇಳಿದ ಹಾಗೆ ಮಾಡುವ. ಮಗು ಹೆದರ್ತದೆ" ಎಂದರು. ಅತ್ತೆ ಕೆಟ್ಟವರಲ್ಲ. ಆದರೆ ಕ್ಯಾನ್ಸರ್ ಎಂಬ ಶಬ್ದವನ್ನು ಬಾಯಿಗೆ ತರಲಾಗದೆ "ಆ ಕಾಯಿಲೆ" ಎನ್ನುತ್ತಿದ್ದರು. ಹಾಗೆ ಹೇಳುವಾಗಲೂ ದನಿ ಎಷ್ಟು ತಗ್ಗುತ್ತಿತ್ತೆಂದರೆ, ನಾನೇನೋ ಕದ್ದು ತಂದು ಮನೆಯೊಳಗೆ ಇಟ್ಟಿದ್ದೇನೆ ಎನ್ನಿಸುತ್ತಿತ್ತು.

ಭಾನುವಾರ ಮಗಳನ್ನು ಹೊಳೆಬದಿಗೆ ಕರೆದುಕೊಂಡು ಹೋಗಿ ಹೇಳಿಬಿಡುವ ಎಂದುಕೊಂಡೆ. ಬೆಳಿಗ್ಗೆ ತಿಂಡಿ ಮುಗಿಯುವ ಮೊದಲೇ ಅಂಗಳದಲ್ಲಿ ರಿಕ್ಷಾ ನಿಂತಿತು. ಕಕ್ಕಿಂಜೆಯಿಂದ ಗಂಡನ ಅಕ್ಕ, ಬಟ್ಟೆಬರೆಯ ಬ್ಯಾಗಿನೊಂದಿಗೆ. ತಮ್ಮ ಫೋನ್ ಮಾಡಿದನಂತೆ. ಮಗಳಿಗೆ ಹೇಳಬಾರದ ವಿಷಯವನ್ನು ಚಾರ್ಮಾಡಿ ಘಾಟಿಯ ಬುಡದವರೆಗೆ ಮುಟ್ಟಿಸಲು ನನ್ನ ಗಂಡನಿಗೆ ಅಡ್ಡಿ ಇರಲಿಲ್ಲ.

ಅವರು ಬ್ಯಾಗಿನಿಂದ ಲಕ್ಷ್ಮಣಫಲದ ಎಲೆಗಳ ಒಂದು ದೊಡ್ಡ ಕಟ್ಟು ತೆಗೆದರು. "ಇದನ್ನು ಕುದಿಸಿ ದಿನಾ ಕುಡಿ. ಇದರಲ್ಲೇ ಕರಗಿ ಹೋಗ್ತದಂತೆ. ಕತ್ತರಿಸಲಿಕ್ಕೆ ಯಾಕೆ ಅಷ್ಟು ಅರ್ಜೆಂಟ್?"

ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. "ಇದು ಎಂತಕ್ಕೆ?"

"ಶುಗರಿಗೆ" ಎಂದರು ಅವರು, ಕಣ್ಣು ಮಿಟುಕಿಸದೆ.

"ಅಮ್ಮನಿಗೆ ಶುಗರ್ ಯಾವಾಗ ಬಂತು?"

ಅವಳು ನನ್ನನ್ನೇ ನೋಡಿದಳು. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅವಳನ್ನು ತೆಂಗಿನಕಾಯಿ ತರಲು ಹಿತ್ತಲಿಗೆ ಅಟ್ಟಿದರು. ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದು, "ಮನೆಯಲ್ಲಿ ಹುಡುಗಿ ಉಂಟು. ನಾಳೆ ಸಂಬಂಧ ಬರುವಾಗ ತಾಯಿಗೆ ಎಂತ ಆಗಿತ್ತು ಅಂತ ಜನ ಕೇಳ್ತಾರೆ. ಗೊತ್ತುಂಟಲ್ಲ?" ಎಂದರು.

"ಅವಳಿಗಿನ್ನೂ ಹದಿನೈದು ವರ್ಷ ಅಕ್ಕ" ಎಂದೆ. ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದೆ. ಸಾರು ರಟ್ಟಿ ಅವರ ಸೀರೆಗೆ ಬಿತ್ತು. ಅದಕ್ಕೆ ಕ್ಷಮೆ ಕೇಳಬೇಕಾಗಿ ಬಂದದ್ದೂ ನನಗೇ. ಅವರು ಮಂಗಳವಾರದವರೆಗೆ ಇದ್ದರು. ನನಗೂ ಮಗಳಿಗೂ ನಡುವೆ ಹಾಸಿಗೆ ಹಾಸಿಕೊಂಡು ಮಲಗಿದರು.

ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಉಂಟು. ರವಿಕೆ, ಚೂಡಿದಾರ ಹೊಲಿಯುತ್ತೇನೆ. ಅತ್ತಿಗೆ ಹೋದ ಮೇಲೆ ಅಂಗಡಿಯ ಬಾಗಿಲು ತೆಗೆದಾಗ ಖಾಯಂ ಗಿರಾಕಿ ಒಬ್ಬರು ಹೊರಗೇ ಕಾಯುತ್ತಿದ್ದರು. ತಮ್ಮ ಮನೆಯ ಮದುವೆಗೆಂದು ಕೊಟ್ಟ ರವಿಕೆ ಬಟ್ಟೆಗಳನ್ನು ವಾಪಸು ಕೇಳಿದರು.

"ನಿಮಗೆ ತೊಂದರೆ ಬೇಡ ಅಂತ. ನೀವು ರೆಸ್ಟ್ ಮಾಡಿ. ಹೊಲಿಗೆ ಎಲ್ಲಿಯಾದರೂ ಆಗ್ತದೆ."

"ಆಪರೇಷನ್ನಿಗೆ ಇನ್ನೂ ಸಮಯ ಉಂಟು. ಅದರೊಳಗೆ ಹೊಲಿದು ಕೊಡ್ತೇನೆ" ಎಂದೆ. ಹೇಳಿದ ಮೇಲೆ ಹೊಳೆಯಿತು, ನನ್ನ ಕಾಯಿಲೆಯ ವಿಷಯ ಇವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲೇ ಇಲ್ಲ. ಅವರು ನನ್ನ ಕೈ ಹಿಡಿದು, ನನ್ನ ಕಣ್ಣನ್ನು ಬಿಟ್ಟು ಎದೆಯನ್ನೇ ನೋಡುತ್ತ, "ಧೈರ್ಯವಾಗಿರಿ" ಎಂದರು. ಬಟ್ಟೆಗಳ ಚೀಲ ತೆಗೆದುಕೊಂಡು ಹೋದರು. ಅದೇ ವಾರ ಇನ್ನೂ ಕೆಲವರು ಹಾಗೆಯೇ ಬಂದರು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ಜಗಳ ಮಾಡೋಣವೆಂದರೆ ಒಬ್ಬರಾದರೂ ಕಠಿಣವಾಗಿ ಮಾತಾಡಬೇಕಲ್ಲ.

ಮನೆಯಲ್ಲಿ ನಾವಿಬ್ಬರೇ ಇರಲು ಅತ್ತೆ ಬಿಡುತ್ತಿರಲಿಲ್ಲ. ಕೊನೆಗೆ ಮಗಳಿಗೆ ಗೊತ್ತಾದದ್ದು ಶಾಲೆಯ ಬಸ್ಸಿನಲ್ಲಿ. ಒಬ್ಬ ಗಿರಾಕಿಯ ಮಗಳು ಅವಳ ಕ್ಲಾಸಿನವಳು. "ನಿನ್ನ ಅಮ್ಮನಿಗೆ ಕ್ಯಾನ್ಸರ್ ಅಂತೆ, ಪಾಪ" ಎಂದಳಂತೆ. ಮಗಳು ಮನೆಗೆ ಹೋಗದೆ ಯೂನಿಫಾರಂನಲ್ಲೇ ನೇರ ಅಂಗಡಿಗೆ ಬಂದಳು. ಬ್ಯಾಗನ್ನು ಕಟಿಂಗ್ ಮೇಜಿನ ಮೇಲೆ ಎಸೆದಳು. ಹರಡಿಟ್ಟಿದ್ದ ಬಟ್ಟೆ ಕೆಳಗೆ ಬಿತ್ತು.

"ಇಡೀ ಊರಿಗೆ ಗೊತ್ತುಂಟು. ನನಗೆ ಮಾತ್ರ ಶುಗರಾ?"

ನಾನು ಶಟರ್ ಅರ್ಧ ಎಳೆದೆ. ಬಸ್ಸಿನಲ್ಲಿ ನಿಂತು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಹೇಳಬೇಕು ಅಂತಲೇ ಇದ್ದೆ. ನಿನ್ನ ಪರೀಕ್ಷೆ..."

"ಪರೀಕ್ಷೆ ನನ್ನದು. ಅಮ್ಮನೂ ನನ್ನದೇ ಅಲ್ವಾ?" ಅವಳು ಬಿದ್ದ ಬಟ್ಟೆಯನ್ನು ಕಾಲಿನಿಂದ ಬದಿಗೆ ಸರಿಸಿದಳು. "ಸಾಯ್ತೀಯಾ?"

"ಗುಣ ಆಗ್ತದೆ ಅಂದಿದ್ದಾರೆ ಡಾಕ್ಟರು. ಬೇಗ ಗೊತ್ತಾಗಿದೆ. ಖಂಡಿತ ಅಂತ ನನಗೂ ಗೊತ್ತಿಲ್ಲ. ಗೊತ್ತಾದದ್ದನ್ನೆಲ್ಲ ನಿನಗೆ ಹೇಳ್ತೇನೆ."

"ಯಾವ ಕಡೆ?"

ಎಡಗಡೆ ತೋರಿಸಿದೆ. ಅವಳು ಹತ್ತಿರ ಬಂದು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ, ಬಲಗಡೆಗೆ ತಲೆ ಒತ್ತಿ ನಿಂತಳು. ಅತ್ತಳು. ನಾನೂ ಅತ್ತುಬಿಟ್ಟೆ. ಗೊತ್ತಾದ ದಿನದಿಂದ ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಅವಳನ್ನೇ ಕರೆದುಕೊಂಡು ಹೋದೆ. ಶಾಲೆಗೆ ರಜೆ ಹಾಕಿಸಿದ್ದಕ್ಕೆ ಅತ್ತೆ ಆ ದಿನವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ. ಡಾಕ್ಟರು ಎಲ್ಲ ವಿವರಿಸಿ ಮುಗಿಸಿದ ಮೇಲೆ ಮಗಳು, "ನನಗೂ ಬರ್ತದಾ?" ಎಂದು ಕೇಳಿದಳು. ನಾನು ಯಾರೊಂದಿಗೂ ಹೇಳಲಾರದೆ ನುಂಗಿಕೊಂಡಿದ್ದ ಪ್ರಶ್ನೆ ಅದು. "ಬರಲೇಬೇಕು ಅಂತ ಇಲ್ಲ. ನಿನಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು. ದೊಡ್ಡವಳಾದ ಮೇಲೆ ಪರೀಕ್ಷೆ ಮಾಡಿಸ್ತಾ ಇರಬೇಕು" ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ನನಗೆ ಯಾರನ್ನಾದರೂ ಹಿಡಿದು ಹೊಡೆಯಬೇಕು ಎನ್ನಿಸಿತು.

ಗಂಡ ಆಪರೇಷನ್ನಿಗೆ ಬಂದು ರಜೆ ಮುಗಿಯುವವರೆಗೆ ಇದ್ದರು. ಆಮೇಲಿನ ಕಿಮೊ, ವಾಂತಿ, ಬೋಳುತಲೆಯನ್ನೆಲ್ಲ ಮಗಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ನೋಡಿದಳು. ಪರೀಕ್ಷೆಯಲ್ಲಿ ಎಲ್ಲರೂ ಎಣಿಸಿದ್ದಕ್ಕಿಂತ ಕಡಿಮೆ ಅಂಕ ಬಂತು. "ಹೇಳದಿದ್ರೆ ಇನ್ನೂ ತೆಗೀತಿದ್ಲು" ಎಂದು ಕಕ್ಕಿಂಜೆಯಿಂದ ಫೋನ್ ಬಂತು. ನಾನು ಹೇಳಿದ್ದಲ್ಲ, ಊರಿನವರು ಹೇಳಿದ್ದು ಎಂದು ಕಿರುಚಬೇಕೆನಿಸಿದರೂ ದನಿಯೇ ಹೊರಡದಷ್ಟು ಸುಸ್ತಾಗಿತ್ತು.

ಈಗ ಚಿಕಿತ್ಸೆ ಮುಗಿದು ದಿನಕ್ಕೊಂದು ಮಾತ್ರೆ ಉಳಿದಿದೆ. ಹೋದ ಗಿರಾಕಿಗಳಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಅವಳನ್ನು ನೋಡಲು ಹೋಗಿದ್ದೆ. ನಾನು ಬಸ್ಸಿಳಿದದ್ದೇ ತಡ ಅವಳು, "ಆ ಕೈಯಲ್ಲಿ ಭಾರ ಎತ್ತಬಾರದು ಅಂತ ಎಷ್ಟು ಸಲ ಹೇಳುವುದಮ್ಮ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೈದು ಬುತ್ತಿಯ ಚೀಲವನ್ನು ನನ್ನ ಎಡಗೈಯಿಂದ ಕಸಿದುಕೊಂಡಳು.

"ಅಮ್ಮ ನಾನಾ, ನೀನಾ?" ಎಂದೆ ಸಿಟ್ಟಿನಿಂದ.

"ಕೈ ತೋರಿಸು" ಎಂದಳು. ಆಪರೇಷನ್ ಆದ ಬದಿಯ ಕೈಗೆ ಬಾವು ಬರುವುದುಂಟು ಎಂದು ಡಾಕ್ಟರು ಹೇಳಿದ್ದರಿಂದ ತೋಳನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಸ್ವಲ್ಪ ಬಂದಿತ್ತು. ಹಾಸ್ಟೆಲಿನವರೆಗೆ ಚೀಲ ಅವಳೇ ಹೊತ್ತಳು, ನಾನು ಖಾಲಿ ಕೈಯಲ್ಲಿ ಅವಳ ಜೊತೆ ನಡೆದೆ.