ಅದಲುಬದಲಾದ ಬ್ರಿಟನ್ ಮತ್ತು ಜಪಾನ್

ಆ ರೇಖಾಚಿತ್ರದಲ್ಲಿ ಎರಡು ದೇಶಗಳ ಹೆಸರನ್ನು ಅದಲುಬದಲು ಮಾಡಿದವಳು ನಾನು. ಅದಕ್ಕಾಗಿ ಕೆಲಸ ಕಳೆದುಕೊಂಡವಳು ರೆಹಾನಾ. ಆರು ವರ್ಷ ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳಲು ನನ್ನಿಂದಾಗಲಿಲ್ಲ. ಈಗ ಹೇಳಿದ್ದೇನೆ — ಎದೆ ಹಗುರಾಗಿದೆ, ಆದುದರಿಂದಲೇ ಬರೆಯುತ್ತಿದ್ದೇನೆ.

ಹದಿನೈದು ವರ್ಷ ದೆಹಲಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ, ಅನಂತರ ಅಲ್ಲಿಯೇ ಓಖ್ಲಾದ ಪುಟ್ಟ ಕಚೇರಿಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮರದ ವ್ಯಾಪಾರಿಗಳಿಗಾಗಿ ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಮಾಸಪತ್ರಿಕೆ ಹೊರಡಿಸುವ ಕಚೇರಿ ಅದು. ಅಂಕಿಅಂಶಗಳನ್ನು ಚಿತ್ರವಾಗಿಸುತ್ತಿದ್ದವಳು ಬಳ್ಳಾರಿಯ ರೆಹಾನಾ. ಅವಳಿಗದು ಮೊದಲ ಕೆಲಸ. ಬ್ರಿಟನ್ ಮತ್ತು ಜಪಾನ್ ವರ್ಷವರ್ಷವೂ ಆಮದು ಮಾಡಿಕೊಂಡ ಪೈನ್, ಫರ್‌ನಂಥ ಮೆದುಮರದ ಮೌಲ್ಯವನ್ನು ಅವಳು ಎರಡು ಬಣ್ಣದ ಗೆರೆಗಳಲ್ಲಿ ಹೋಲಿಸಿದ್ದಳು. ಚಿತ್ರ ನಿರ್ದುಷ್ಟವಾಗಿತ್ತು.

ಯಾವ ಬಣ್ಣ ಯಾವ ದೇಶದ್ದೆಂದು ತಿಳಿಸುವ ಚಿತ್ರದ ಕೆಳಗಿನ ಪಟ್ಟಿಯಲ್ಲಿ, ಇಂಗ್ಲಿಷ್ ಅಕ್ಷರಕ್ರಮದಂತೆ ಬ್ರಿಟನ್ ಮೊದಲು, ಜಪಾನ್ ಆಮೇಲೆ. ಹಿಂದಿಯ ಕರಡಿನಲ್ಲೂ ಅದೇ ಕ್ರಮ ಉಳಿದಿತ್ತು. ವರ್ಣಮಾಲೆಯಲ್ಲಿ ‘ಜ’ ಬಂದು ಎಷ್ಟೋ ಅಕ್ಷರಗಳಾದ ಮೇಲಲ್ಲವೆ ‘ಬ’ — ನನಗೆ ಸಹಿಸಲಾಗಲಿಲ್ಲ. ಕೆಂಪು ಪೆನ್ನಿನಲ್ಲಿ ಬಾಣ ಎಳೆದು ಹೆಸರುಗಳ ಸ್ಥಾನ ಬದಲಿಸಿ, ಅವಳಿಗೆ ತೋರಿಸದೆ ಮುದ್ರಣಕ್ಕೆ ಕಳುಹಿಸಿದೆ. ಹೆಸರುಗಳ ಪಕ್ಕದ ಬಣ್ಣಗಳು ಇದ್ದಲ್ಲೇ ಉಳಿದವು. ಬ್ರಿಟನ್ನಿನ ಗೆರೆ ಜಪಾನಿನದಾಯಿತು, ಜಪಾನಿನದು ಬ್ರಿಟನ್ನಿಗೆ ಹೋಯಿತು.

ಓದುಗರೊಬ್ಬರು ತಪ್ಪನ್ನು ಹಿಡಿದರು. ಸಂಪಾದಕ ಕುಲಕರ್ಣಿಯವರು ನಮ್ಮನ್ನೆಲ್ಲ ಕೂರಿಸಿಕೊಂಡರು.

“ಅಚ್ಛಾ, ಯಾರು ಮಾಡಿದ್ದು ಇದನ್ನ? ನಮ್ಮ ಪತ್ರಿಕೆ ನಂಬಿದೋರು ಮರ ಬಿಟ್ಟು ಪ್ಲಾಸ್ಟಿಕ್ ಮಾರ್ಬೇಕಾಗುತ್ತೆ.”

“ಚಿತ್ರ ಮಾಡಿದ್ದು ರೆಹಾನಾ, ಸರ್,” ಎಂದೆ.

ಪ್ರತಿ ಪದವೂ ನಿಜ. ಆದರೆ ಅದನ್ನು ಆಡಿದ ಉದ್ದೇಶ —

“ನಾನು ಸರಿಯಾಗೇ ಕೊಟ್ಟಿದ್ದೆ, ಮೇಡಂ,” ಎಂದಳು ರೆಹಾನಾ. ಅವರಿಗಲ್ಲ, ನನಗೆ. ನಾನು ಎದುರಿಗಿದ್ದ ಹಾಳೆಗಳ ಅಂಚು ಸರಿಪಡಿಸುತ್ತ ಕುಳಿತೆ. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸಿದರು.

ಕಳೆದ ಭಾನುವಾರ ವಿಳಾಸ ಹುಡುಕಿಕೊಂಡು ನೊಯ್ಡಾದ ಅವಳ ಮನೆಗೆ ಹೋದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

“ಗೊತ್ತು ಮೇಡಂ. ಮೀಟಿಂಗ್ ಆದ್ಮೇಲೆ ಕರಡಿನ ಫೈಲ್ ತೆಗೆದು ನೋಡಿದೆ. ಸ್ಕೇಲ್ ಇಟ್ಟು ಬಾಣ ಎಳೆಯೋರು ಆ ಆಫೀಸಲ್ಲಿ ಇನ್ಯಾರಿದ್ರು? ನಿಮಗೆ ನೆನಪಿಲ್ಲ ಅಂದ್ಕೊಂಡು ಸುಮ್ಮನಾದೆ.”

“ನೆನಪಿತ್ತು,” ಎಂದೆ.

ಆ ಒಂದು ಪದ ಹೊರಬಿದ್ದಾಗ — ನಾಚಿಕೆಗಿಂತ ಮೊದಲು ನೆಮ್ಮದಿ ಬಂತೆಂಬುದನ್ನೂ ಮುಚ್ಚಿಡಲಾರೆ. ಅವಳು ಕುರ್ಚಿ ಎಳೆದು ಕೊಟ್ಟಳು.

“ಕುಲಕರ್ಣಿ ಸರ್‌ಗೆ ಬರೆದು ಕಳಿಸಿ. ನನ್ನ ಬಗ್ಗೆ ಯಾರು ವಿಚಾರಿಸಿದ್ರೂ ಅವರು ಇವತ್ತಿಗೂ ಚಾರ್ಟ್ ತಪ್ಪು ಮಾಡಿದೋಳು ಅಂತಲೇ ಹೇಳ್ತಾರೆ. ಚಾರ್ಟ್ ಕೆಲಸ ನನಗೆ ಮತ್ತೆ ಯಾರೂ ಕೊಟ್ಟಿಲ್ಲ.”

ಅಲ್ಲೇ ಕುಳಿತು ಫೋನಿನಲ್ಲಿ ಬರೆದೆ, ಗಟ್ಟಿಯಾಗಿ ಓದಿದೆ. ‘ಕಣ್ತಪ್ಪಿನಿಂದ’ ಎಂಬಲ್ಲಿ ಅವಳು ಕೈ ಅಡ್ಡ ಹಿಡಿದಳು.

“ಅದನ್ನ ತೆಗೀರಿ, ಮೇಡಂ. ಚಾರ್ಟಲ್ಲಿ ಕಣ್ತಪ್ಪು, ಸರಿ. ಮೀಟಿಂಗಲ್ಲಿ?”

ತೆಗೆದೆ. ಅವಳೆದುರಿಗೇ ಕಳುಹಿಸಿದೆ.