ಎಡಗೈಯನ್ನು ಬಿಟ್ಟುಕೊಟ್ಟ ದಿನಗಳು

ಮಗಳಿಗೆ ಆಗ ಎರಡೂವರೆ ವರ್ಷ. ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆರಡು ಸಲ ರಾಮಮೂರ್ತಿ ನಗರದಿಂದ ಬಸ್ಸು ಹತ್ತಿ ಶಿವಾಜಿನಗರದ ಆಸ್ಪತ್ರೆಗೆ ಹೋಗಿ, ಕುತ್ತಿಗೆಯ ಬಲಕ್ಕೆ ಹಾಕಿದ್ದ ಕೊಳವೆಯಿಂದ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆ. ಆ ಕೊಳವೆಯ ಬುಡದಲ್ಲಿ ಕೀವಾಗಿ ಎರಡು ಸಲ ಚಳಿಜ್ವರ ಬಂದಮೇಲೆ, ಎಡಗೈಗೆ ಫಿಸ್ಟುಲಾ ಮಾಡಲೇಬೇಕೆಂದರು ಡಾಕ್ಟರು. ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳಗಳನ್ನು ಜೋಡಿಸುತ್ತಾರೆ. ನರ ದಪ್ಪವಾದ ಮೇಲೆ ಡಯಾಲಿಸಿಸ್ಸಿನ ಸೂಜಿ ಅಲ್ಲಿಗೇ.

ನರ್ಸಮ್ಮ ನನ್ನ ಎಡಗೈ ಹಿಡಿದು ಹೇಳಿದರು: “ಇದಕ್ಕೆ ಬೇರೆ ಯಾರಿಗೂ ಸೂಜಿ ಹಾಕಕ್ಕೆ ಬಿಡ್ಬೇಡಿ. ಬಿಪಿ ನೋಡಕ್ಕೂ ಬಿಡ್ಬೇಡಿ. ಬಳೆ, ವಾಚು ಏನೂ ಬೇಡ. ಆಪರೇಷನ್ ಆದ್ಮೇಲೆ ಭಾರನೂ ಎತ್ತಂಗಿಲ್ಲ.”

“ಮಗೂನ?”

“ಮಗೂನೂ ಅಷ್ಟೇ ಅಮ್ಮ. ಈಗ್ಲಿಂದ್ಲೇ ಅಭ್ಯಾಸ ಮಾಡ್ಸಿ.”

ಮಗಳನ್ನು ನಾನು ಎತ್ತಿಕೊಳ್ಳುತ್ತಿದ್ದುದೇ ಎಡಗಡೆ. ಬಲಗಡೆ ಎತ್ತಿಕೊಂಡರೆ ಅವಳ ಕೈ ನೇರ ಕೊಳವೆಗೆ ಹೋಗುತ್ತಿತ್ತು.

ನನ್ನನ್ನು ನೋಡಿಕೊಳ್ಳಲು ಅವ್ವ ರಾಯಚೂರಿನಿಂದ ಬಂದಿದ್ದಳು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಕೈ ಬರಿದು. ಆಪರೇಷನ್ನಿನ ಹಿಂದಿನ ದಿನ ಬಚ್ಚಲ ಮುಂದೆ ಕೂರಿಸಿ, ಸೋಪು ಹಚ್ಚಿ ನನ್ನ ಎಡಗೈಯ ಹಸಿರು ಬಳೆಗಳನ್ನು ಒಂದೊಂದೇ ತೆಗೆದಳು. ಕೊನೆಯದು ಜಾರಲಿಲ್ಲ. ಒಡೆಯಲು ಅವಳಿಗೆ ಮನಸ್ಸಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನೇ ಬಂದು ನಿಧಾನವಾಗಿ ತಿರುಗಿಸಿ ತೆಗೆದ.

“ಬಲಗೈಯಾಗಿನವು ಇರ್ತಾವಲ್ಲ, ಅಷ್ಟ ಸಾಕು,” ಎನ್ನುತ್ತಾ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಮಗಳು ಎರಡೂ ಕೈ ಚಾಚಿ ಬಂದಳು. “ಎತ್ಕೋ.”

ನಾನು ಎತ್ತಲಿಲ್ಲ. ಅವಳು ನನ್ನ ಸೀರೆ ಜಗ್ಗಿ ಅತ್ತಳು, ನೆಲದಲ್ಲಿ ಹೊರಳಾಡಿದಳು. “ನಿಮ್ಮವ್ವನ ಕೈಗೆ ಬಾವು ಬಂದೈತಿ, ನನ್ನ ಕಡಿ ಬಾ,” ಎಂದು ಅವ್ವ ಅವಳನ್ನು ಎತ್ತಿಕೊಂಡು ಹೊರಗೆ ಹೋದಳು. ಬೀದಿಯ ತುದಿಯವರೆಗೂ ಅಳು ಕೇಳುತ್ತಿತ್ತು. ನಾನು ಮೂಲೆಯಲ್ಲಿ ಕುಳಿತು, ನರ ಉಬ್ಬಲೆಂದು ಡಾಕ್ಟರು ಹೇಳಿದ್ದ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಣಿಕಟ್ಟಿನಲ್ಲಿ ರಕ್ತ ಜುಮ್ಮೆಂದು ಹರಿಯುವುದನ್ನು ಡಾಕ್ಟರು ನನ್ನ ಬೆರಳಿಟ್ಟು ತೋರಿಸಿದರು. ನರ ಗಟ್ಟಿಯಾಗಲು ಎರಡು ತಿಂಗಳು ಹಿಡಿಯಿತು. ಕುತ್ತಿಗೆಯ ಕೊಳವೆ ತೆಗೆದ ದಿನ ನಾನು ಬಸ್ಸಿಳಿದು ಹೆಚ್ಚುಕಡಿಮೆ ಓಡಿಯೇ ಮನೆಗೆ ಬಂದೆ. ನೆಲದ ಮೇಲೆ ಕುಳಿತು ಬಲಗೈ ಚಾಚಿದೆ.

“ಬಾ ಕಂದ, ಎತ್ಕೊಳ್ತೀನಿ.”

ಅವಳು ಅಜ್ಜಿಯ ಮುಖ ನೋಡಿದಳು. ಅವ್ವ, “ಹೋಗು, ಹೋಗು,” ಎಂದು ಮೆಲ್ಲಗೆ ನೂಕಿದಳು. ಮಗಳು ಬಂದು ನನ್ನ ಪಕ್ಕದಲ್ಲಿ ನಿಂತಳು, ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ತೊಡೆಗೆ ಹೋಗಿ ಕುಳಿತಳು.

ಆಮೇಲೆ ಎಷ್ಟೋ ಸಲ ಕರೆದೆ. ಎತ್ತಿಕೋ ಎಂದು ಅವಳು ನನ್ನನ್ನು ಮತ್ತೆ ಕೇಳಲೇ ಇಲ್ಲ.